ಜರ್ಮನರೆಂದರೆ ಹೀಗೇ ಎಂದು ಹೇಳಿದವರು ಯಾರು?

ಉತ್ತರ ಕರ್ನಾಟಕದ ಅಡುಗೆಮನೆಗಳಲ್ಲಿ ಹಳೆಯ ಅಲ್ಯೂಮಿನಿಯಂ ಪಾತ್ರೆಗೆ ‘ಜರ್ಮನ್ ಪಾತ್ರೆ’ ಎನ್ನುವವರು ಇನ್ನೂ ಇದ್ದಾರೆ. ಆ ಪಾತ್ರೆಗೂ ಜರ್ಮನಿಗೂ ಸಂಬಂಧವಿಲ್ಲ. ‘ಜರ್ಮನ್ ಸಿಲ್ವರ್’ ಎಂಬ ಲೋಹದ ಕಥೆಯೂ ಇಂಥದ್ದೇ. ತಾಮ್ರ, ನಿಕ್ಕಲ್, ಸತು ಬೆರೆಸಿ ಮಾಡುವ ಅದರಲ್ಲಿ ಬೆಳ್ಳಿ ಒಂದು ಗುಂಜಿಯಷ್ಟೂ ಇರುವುದಿಲ್ಲ. ಗದಗ-ಬೆಟಗೇರಿಯಲ್ಲಿ ಬಾಸೆಲ್ ಮಿಷನ್ ಕಟ್ಟಿದ ಆಸ್ಪತ್ರೆಯನ್ನು ಜನ ‘ಜರ್ಮನ್ ದವಾಖಾನೆ’ ಎಂದು ಕರೆದರು. ಬಾಸೆಲ್ ಪಟ್ಟಣ ಇರುವುದು ಸ್ವಿಟ್ಜರ್ಲೆಂಡಿನಲ್ಲಿ.

ಪಾತ್ರೆಯ ಹೆಸರು ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಆದರೆ ಒಂದು ಇಡೀ ಜನರ ಬಗ್ಗೆ ‘ಅವರು ಹೀಗೇ’ ಎಂಬ ಮಾತು ಬೇರೂರಿದರೆ ಅದರ ನಷ್ಟ ದೊಡ್ಡದು. ಜರ್ಮನರ ಬಗ್ಗೆ ಲೋಕದಲ್ಲಿ ಓಡಾಡುವ ಮಾತುಗಳು ನಿಮಗೂ ಗೊತ್ತು. ಅವರು ಗಡಿಯಾರದಂಥವರು, ನಗುವುದೇ ಇಲ್ಲ, ಮೂರು ಹೊತ್ತೂ ಬಿಯರ್ ಕುಡಿಯುತ್ತಾರೆ, ದುಡಿದು ದುಡಿದು ಸಾಯುತ್ತಾರೆ, ಎಲ್ಲರೂ ಹಿಟ್ಲರನ ಕಡೆಯವರು, ನಮ್ಮ ವೇದ ಕದ್ದು ರಾಕೆಟ್ ಮಾಡಿದರು. ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ಸುಳ್ಳು.

ಇದನ್ನು ಈಗ ಬರೆಯಲು ಕಾರಣವಿದೆ. ಕೌಶಲವಿರುವ ಭಾರತೀಯರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ 2024ರ ಅಕ್ಟೋಬರಿನಲ್ಲಿ ಜರ್ಮನಿ ಹೇಳಿತು. ನರ್ಸಿಂಗ್ ಮುಗಿಸಿದವರು, ಐಟಿಐ ಕಲಿತವರು, ಎಂಜಿನಿಯರುಗಳು ಆ ಕಡೆ ಮುಖ ಮಾಡಿದ್ದಾರೆ. ನಮ್ಮ ಊರಿನ ಮಕ್ಕಳು ಹೋಗಿ ಬಾಳಬೇಕಾದ ದೇಶದ ಜನರ ಬಗ್ಗೆ ಫೋನಿಗೆ ಬಂದ ಮಾತಿಗಿಂತ ಹೆಚ್ಚು ತಿಳಿದಿರುವುದು ಒಳ್ಳೆಯದಲ್ಲವೇ?

ಹೆಸರಿನಲ್ಲೇ ಗೊಂದಲ

ಮೊದಲು ಹೆಸರನ್ನೇ ನೋಡಿ. ಜರ್ಮನರು ತಮ್ಮನ್ನು ತಾವು ‘ಡಾಯ್ಚ್’ ಎಂದುಕೊಳ್ಳುತ್ತಾರೆ. ‘ಜನರಿಗೆ ಸೇರಿದ್ದು’ ಎಂಬುದು ಆ ಪದದ ಮೂಲ ಅರ್ಥ. ಆದರೆ ಸುತ್ತಲಿನವರು ಆ ಹೆಸರು ಹಿಡಿಯಲೇ ಇಲ್ಲ. ಫ್ರೆಂಚರು ‘ಅಲಮಾನಿ’ ಎಂಬ ಒಂದು ಬುಡಕಟ್ಟನ್ನು ನೋಡಿ ಇಡೀ ದೇಶಕ್ಕೆ ಅದರ ಹೆಸರಿಟ್ಟರು. ಫಿನ್‌ಲೆಂಡಿನವರು ‘ಸ್ಯಾಕ್ಸನ್’ ಎಂಬ ಇನ್ನೊಂದು ಬುಡಕಟ್ಟಿನ ಹೆಸರಿಟ್ಟರು. ಪೋಲೆಂಡ್, ರಷ್ಯಾ ಕಡೆಯವರು ಬಳಸುವ ಪದದ ಮೂಲ ‘ಮೂಗ’ ಎಂಬ ಅರ್ಥದ್ದು. ತಮ್ಮ ಭಾಷೆ ಬಾರದವನು ಮೂಗನಿದ್ದಂತೆ ಎಂಬುದು ಅವರ ಲೆಕ್ಕ. ಯಾರಿಗೆ ಯಾರು ಎದುರಾದರೋ ಅವರೇ ಇಡೀ ದೇಶವಾಗಿಬಿಟ್ಟರು.

ಈ ಗೊಂದಲಕ್ಕೆ ಇನ್ನೊಂದು ಕಾರಣವೂ ಉಂಟು. ಜರ್ಮನಿ ಎಂಬ ಒಂದೇ ರಾಷ್ಟ್ರ ಬಹಳ ಕಾಲ ಇರಲೇ ಇಲ್ಲ. 1815ರಲ್ಲಿ ಕಟ್ಟಿದ ಜರ್ಮನ್ ಒಕ್ಕೂಟದಲ್ಲಿ 39 ರಾಜ್ಯ, ಪಟ್ಟಣಗಳಿದ್ದವು. ಒಬ್ಬೊಬ್ಬ ದೊರೆಗೆ ಒಂದೊಂದು ಸುಂಕದ ಕಟ್ಟೆ, ಒಂದೊಂದು ಸೇನೆ. ಉತ್ತರದವರು ಹೆಚ್ಚಾಗಿ ಪ್ರೊಟೆಸ್ಟಂಟರು, ದಕ್ಷಿಣದವರಲ್ಲಿ ಕ್ಯಾಥೊಲಿಕರು ಹೆಚ್ಚು. ಪ್ರಷ್ಯಾ ರಾಜ್ಯದ ಮುಂದಾಳುತನದಲ್ಲಿ ಜರ್ಮನ್ ಸಾಮ್ರಾಜ್ಯ ಘೋಷಣೆಯಾದದ್ದು 1871ರ ಜನವರಿ 18ರಂದು. ಎರಡನೆಯ ಮಹಾಯುದ್ಧದ ನಂತರ 1949ರಲ್ಲಿ ಅದು ಮತ್ತೆ ಎರಡು ರಾಷ್ಟ್ರವಾಯಿತು, 1990ರ ಅಕ್ಟೋಬರ್ 3ರಂದು ಮತ್ತೆ ಕೂಡಿತು. ಇಂಥ ದೇಶದವರೆಲ್ಲ ಒಂದೇ ಅಚ್ಚಿನವರು ಎಂದರೆ ಹೇಗೆ?

ತೊಗಲಿನ ಚಡ್ಡಿ, ಗರಿ ಸಿಕ್ಕಿಸಿದ ಟೋಪಿ, ಕೈಯಲ್ಲಿ ಬಿಯರ್ ಮಗ್ಗು. ಸಿನಿಮಾಗಳಲ್ಲಿ ಜರ್ಮನ್ ಎಂದರೆ ಈ ಚಿತ್ರ. ಇದು ದಕ್ಷಿಣದ ಬವೇರಿಯಾ ಸೀಮೆಯ ಉಡುಪು. ಉತ್ತರದ ಹ್ಯಾಂಬರ್ಗಿನವರಿಗೆ ಇದನ್ನು ತೊಡಿಸುವುದೂ, ಬೀದರಿನವರಿಗೆ ಕೊಡವರ ಕುಪ್ಪಸ ತೊಡಿಸಿ ಇದು ನಿಮ್ಮದೇ ಎನ್ನುವುದೂ ಒಂದೇ. ಪ್ರಸಿದ್ಧ ಅಕ್ಟೋಬರ್ ಹಬ್ಬವೂ ಬವೇರಿಯಾದ ಮ್ಯೂನಿಕ್ ನಗರದ್ದು. 1810ರಲ್ಲಿ ಅಲ್ಲಿನ ಯುವರಾಜ ಲುಡ್ವಿಗ್‌ನ ಮದುವೆಗೆಂದು ನಡೆದ ಕುದುರೆ ಓಟದಿಂದ ಅದು ಶುರುವಾಯಿತು. ಬಿಯರ್ ಜಾತ್ರೆಯಾದದ್ದು ಆಮೇಲೆ.

‘ನಿಧಾನದ ಜನ’ ಎನ್ನಿಸಿಕೊಂಡ ಕಾಲ

ಜರ್ಮನರು ಹುಟ್ಟಾ ಶಿಸ್ತಿನವರು, ಅದು ಅವರ ರಕ್ತದಲ್ಲೇ ಇದೆ ಎನ್ನುವವರು 200 ವರ್ಷ ಹಿಂದಕ್ಕೆ ಹೋಗಿ ನೋಡಬೇಕು. ಆಗ ಹೊರಗಿನವರ ಕಣ್ಣಿಗೆ ಅವರು ಕನಸುಗಾರರು. ಫ್ರೆಂಚ್ ಲೇಖಕಿ ಮದಾಂ ದ ಸ್ತಾಲ್ ಜರ್ಮನಿಯನ್ನು ಸುತ್ತಿ ಒಂದು ಪುಸ್ತಕ ಬರೆದಳು. ನೆಪೋಲಿಯನ್ನನ ಪೊಲೀಸರು 1810ರಲ್ಲಿ ಅದರ ಪ್ರತಿಗಳನ್ನು ನಾಶ ಮಾಡಿದರು. 1813ರಲ್ಲಿ ಲಂಡನ್ನಿನಲ್ಲಿ ಅದು ಹೊರಬಂತು. ಆ ಪುಸ್ತಕದ ಜರ್ಮನರು ಕವಿಗಳು, ತತ್ವಜ್ಞಾನಿಗಳು, ಒಳಮುಖಿಗಳು. ಲೋಕವ್ಯವಹಾರದಲ್ಲಿ ಹಿಂದೆ ಬಿದ್ದವರು. ಗಯಟೆ, ಕಾಂಟ್, ಬೀಥೋವನ್‌ರ ಕಾಲ ಅದು. ಅಲ್ಲಿ ಕಾರ್ಖಾನೆಯ ಹೊಗೆಗಿಂತ ಪುಸ್ತಕದ ಧೂಳು ಹೆಚ್ಚಿತ್ತು.

‘ಫ್ರಾಂಕೆನ್‌ಸ್ಟೈನ್’ ಕಾದಂಬರಿ ಬರೆದ ಇಂಗ್ಲಿಷ್ ಲೇಖಕಿ ಮೇರಿ ಶೆಲ್ಲಿ 1840ರ ಹೊತ್ತಿಗೆ ಅಲ್ಲಿ ಪ್ರವಾಸ ಮಾಡಿದಳು. ಜರ್ಮನರು ಯಾವುದಕ್ಕೂ ಅವಸರ ಮಾಡುವವರಲ್ಲ ಎಂಬುದು ಅವಳ ದೂರು. ಇವತ್ತು ಜರ್ಮನರನ್ನು ಗಡಿಯಾರಕ್ಕೆ ಹೋಲಿಸುವವರು ಈ ದೂರಿಗೆ ಏನೆನ್ನುತ್ತಾರೋ! ಒಂದೇ ಜನ, ಒಂದೇ ನೆಲ. 60-70 ವರ್ಷಗಳಲ್ಲಿ ರಕ್ತ ಬದಲಾಗುವುದಿಲ್ಲ. ಬದಲಾದದ್ದು ದುಡಿಮೆಯ ರೀತಿ, ಶಾಲೆ, ಕಾರ್ಖಾನೆ, ಆಡಳಿತ.

ಅಗ್ಗದ ಮಾಲಿಗೆ ಒತ್ತಿದ ಮುದ್ರೆ

‘ಮೇಡ್ ಇನ್ ಜರ್ಮನಿ’ ಎಂದು ಬರೆದಿದ್ದರೆ ನಾವು ಎರಡನೇ ಮಾತಿಲ್ಲದೆ ಗಟ್ಟಿ ಮಾಲು ಎನ್ನುತ್ತೇವೆ. ಈ ಮುದ್ರೆ ಹುಟ್ಟಿದ್ದು ಅವಮಾನಕ್ಕಾಗಿ. 19ನೇ ಶತಮಾನದ ಕೊನೆಗೆ ಜರ್ಮನಿಯ ಮಾಲು ಅಗ್ಗ, ನಕಲಿ ಎಂದು ಹೆಸರಾಗಿತ್ತು. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಚಾಕು, ಕತ್ತರಿ ಲೋಕಪ್ರಸಿದ್ಧ. ಜರ್ಮನಿಯಲ್ಲಿ ಮಾಡಿದ ಚಾಕುವಿಗೆ ಶೆಫೀಲ್ಡ್ ಎಂದು ಒತ್ತಿ ಮಾರುತ್ತಾರೆ ಎಂದು ಅಲ್ಲಿನ ತಯಾರಕರು ಬೊಬ್ಬೆ ಹೊಡೆದರು. 1887ರಲ್ಲಿ ಬ್ರಿಟಿಷ್ ಸಂಸತ್ತು ಸರಕು ಮುದ್ರೆಯ ಕಾಯ್ದೆ ಮಾಡಿತು. ಹೊರದೇಶದ ಮಾಲಿನ ಮೇಲೆ ಅದು ಎಲ್ಲಿಯದೆಂದು ತಿಳಿಯುವಂತಿರಬೇಕು, ಜನ ನೋಡಿ ದೂರ ಇಡಲಿ ಎಂಬುದು ಲೆಕ್ಕಾಚಾರ.

ಜರ್ಮನರೇ ತಮ್ಮ ಮಾಲನ್ನು ಹಳಿದದ್ದೂ ಉಂಟು. 1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆದ ವಸ್ತುಪ್ರದರ್ಶನಕ್ಕೆ ಹೋಗಿದ್ದ ಎಂಜಿನಿಯರ್ ಫ್ರಾಂಜ್ ರೂಲೋ ತಮ್ಮ ದೇಶದ ಸರಕು ಅಗ್ಗದ್ದು, ಕೆಟ್ಟದ್ದು ಎಂದು ಬಹಿರಂಗವಾಗಿ ಬರೆದರು. ಊರಲ್ಲಿ ಬೈಗುಳ ಬಿದ್ದವು. ಆದರೆ ತಾಂತ್ರಿಕ ಶಾಲೆಗಳು, ಕೆಲಸ ಕಲಿಯುತ್ತಲೇ ಓದುವ ಪದ್ಧತಿ, ಕಾರ್ಖಾನೆಗಳೊಳಗಿನ ಪ್ರಯೋಗಾಲಯಗಳು ಸೇರಿ ಪರಿಸ್ಥಿತಿ ತಿರುಗಿತು. 1896ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ‘ಮೇಡ್ ಇನ್ ಜರ್ಮನಿ’ ಎಂಬ ಹೆಸರಿನ ಪುಸ್ತಕವೇ ಬಂತು. ಜರ್ಮನ್ ಮಾಲು ನಮ್ಮನ್ನು ಮುಳುಗಿಸುತ್ತಿದೆ ಎಂಬುದು ಅದರ ಗೋಳು.

ಇದರ ಬಿಸಿ ಭಾರತಕ್ಕೂ ತಟ್ಟಿತು. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು. ಭಾರತದ ನೀಲಿ ಬೆಳೆ ಕೆಲವೇ ವರ್ಷಗಳಲ್ಲಿ ಕುಸಿಯಿತು. ಮುಂದೆ, 1951ರಲ್ಲಿ, ಜರ್ಮನಿಯ ಬಾಷ್ ಕಂಪನಿಯ ಪಾಲುದಾರಿಕೆಯಲ್ಲಿ ಬೆಂಗಳೂರಿನಲ್ಲಿ ಮೈಕೋ ಕಾರ್ಖಾನೆ ಹುಟ್ಟಿತು. ಟ್ರ್ಯಾಕ್ಟರ್ ಇರುವ ರೈತರಿಗೆ ಮೈಕೋ ಪಂಪು ಗೊತ್ತೇ ಇರುತ್ತದೆ. ಜರ್ಮನ್ ಗಟ್ಟಿತನದ ಮಾತು ನಮ್ಮ ಹಳ್ಳಿಗಳಿಗೆ ಬಂದದ್ದು ಇಂಥ ದಾರಿಯಲ್ಲಿ. ಅದು ಸುಳ್ಳಲ್ಲ. ಹುಟ್ಟಿನಿಂದ ಬಂದದ್ದೂ ಅಲ್ಲ, ಕಲಿತು ಗಳಿಸಿದ್ದು.

ಸಮವಸ್ತ್ರ ತೊಟ್ಟ ಚಮ್ಮಾರ

ಜರ್ಮನರು ಮೇಲಿನವರ ಮಾತಿಗೆ ತಲೆಯಾಡಿಸುವವರು, ನಗಲು ಬಾರದವರು ಎಂಬ ಎರಡು ಮಾತುಗಳಿಗೂ ಉತ್ತರವಾಗಿ ಒಂದು ನಿಜ ಘಟನೆ ಇದೆ.

1906ರ ಅಕ್ಟೋಬರ್ 16. ಬರ್ಲಿನ್ ಹತ್ತಿರದ ಕೋಪೆನಿಕ್ ಪಟ್ಟಣ. ವಿಲ್ಹೆಲ್ಮ್ ಫೊಯ್ಕ್ಟ್ ಎಂಬ ಚಮ್ಮಾರ, ಹಲವು ಸಲ ಜೈಲು ಕಂಡವನು, ಹಳೆಯ ಬಟ್ಟೆ ಅಂಗಡಿಗಳಲ್ಲಿ ಬಿಡಿ ಬಿಡಿಯಾಗಿ ಕೊಂಡು ಕ್ಯಾಪ್ಟನ್ನಿನ ಸಮವಸ್ತ್ರ ಹೊಂದಿಸಿಕೊಂಡ. ಬೀದಿಯಲ್ಲಿ ಹೋಗುತ್ತಿದ್ದ ಸೈನಿಕರನ್ನು ನಿಲ್ಲಿಸಿ ‘ನನ್ನ ಜೊತೆ ನಡೆಯಿರಿ’ ಎಂದು ಆಜ್ಞೆ ಮಾಡಿದ. ಅವರು ನಡೆದರು. ನೇರ ಪುರಸಭೆಗೆ ಹೋಗಿ ಮೇಯರನ್ನು ಬಂಧಿಸಿ ಬರ್ಲಿನ್ನಿಗೆ ಕಳಿಸಿದ. ಖಜಾನೆಯಿಂದ ಸುಮಾರು 4,000 ಮಾರ್ಕ್ ತೆಗೆದುಕೊಂಡು ಮಾಯವಾದ. ಆದೇಶದ ಕಾಗದ ತೋರಿಸೆಂದು ಗಟ್ಟಿಯಾಗಿ ಪಟ್ಟು ಹಿಡಿದವರೇ ಇಲ್ಲ.

ಸಮವಸ್ತ್ರಕ್ಕೆ ಬಾಗುವ ಗುಣ ಆ ಕಾಲದ ಪ್ರಷ್ಯಾದಲ್ಲಿ ಇತ್ತು ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಮುಂದೇನಾಯಿತು? ಇಡೀ ಜರ್ಮನಿ ಹೊಟ್ಟೆ ಹಿಡಿದು ನಕ್ಕಿತು. ಅಧಿಕಾರಿಗಳ ಮೇಲೆ ನಕ್ಕಿತು, ತನ್ನ ಮೇಲೂ ನಕ್ಕಿತು. ಸಿಕ್ಕಿಬಿದ್ದ ಫೊಯ್ಕ್ಟ್‌ಗೆ ಶಿಕ್ಷೆಯಾಯಿತು, 1908ರಲ್ಲಿ ಚಕ್ರವರ್ತಿಯೇ ಕ್ಷಮಾದಾನ ಕೊಟ್ಟ. ಇವತ್ತು ಕೋಪೆನಿಕ್ ಪುರಸಭೆಯ ಮುಂದೆ ಆ ಚಮ್ಮಾರನ ಪ್ರತಿಮೆ ನಿಂತಿದೆ. ಠಕ್ಕನಿಗೆ ಪ್ರತಿಮೆ ನಿಲ್ಲಿಸಿದವರಿಗೆ ನಗಲು ಬರುವುದಿಲ್ಲ ಎನ್ನಲಾದೀತೇ?

ಸುಳ್ಳು ಸತ್ಯವನ್ನೂ ತಿಂದಿತು

ಇನ್ನು ಮುಂದಿನದು ನಗುವ ವಿಷಯವಲ್ಲ. 1900ರ ಜುಲೈ 27ರಂದು ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಚೀನಾಕ್ಕೆ ಹೊರಟಿದ್ದ ಸೈನಿಕರ ಮುಂದೆ ಭಾಷಣ ಮಾಡಿದ. ಹಿಂದೆ ಹೂಣರ ಹೆಸರು ಕೇಳಿದರೆ ಜನ ನಡುಗುತ್ತಿದ್ದಂತೆ ಜರ್ಮನರ ಹೆಸರು ಕೇಳಿ ಚೀನೀಯರು ನಡುಗಬೇಕು ಎಂಬ ಅರ್ಥದಲ್ಲಿ ಮಾತನಾಡಿದ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟಿಷರು ಅದೇ ಪದವನ್ನು ಎತ್ತಿಕೊಂಡು ಇಡೀ ಜರ್ಮನ್ ಜನರಿಗೆ ‘ಹೂಣರು’ ಎಂದು ಹಣೆಪಟ್ಟಿ ಹಚ್ಚಿದರು.

ಬೆಲ್ಜಿಯಂನಲ್ಲಿ ಜರ್ಮನ್ ಸೇನೆ ಸಾವಿರಾರು ನಾಗರಿಕರನ್ನು ಕೊಂದದ್ದು ನಿಜ. ಅದರ ಜೊತೆ ಸುಳ್ಳುಗಳೂ ಸೇರಿಕೊಂಡವು. ಜರ್ಮನರು ಸತ್ತ ಸೈನಿಕರ ಹೆಣಗಳಿಂದ ಕೊಬ್ಬು ತೆಗೆಯುವ ಕಾರ್ಖಾನೆ ಇಟ್ಟಿದ್ದಾರೆ ಎಂದು 1917ರಲ್ಲಿ ಬ್ರಿಟಿಷ್ ಪತ್ರಿಕೆಗಳು ಬರೆದವು. ಲೋಕವೆಲ್ಲ ಓದಿತು. ಆ ಕಥೆಗೆ ಆಧಾರವಿಲ್ಲ ಎಂಬುದನ್ನು ಬ್ರಿಟಿಷ್ ವಿದೇಶಾಂಗ ಸಚಿವ ಆಸ್ಟಿನ್ ಚೇಂಬರ್ಲಿನ್ ಸಂಸತ್ತಿನಲ್ಲಿ ಒಪ್ಪಿಕೊಂಡದ್ದು 1925ರಲ್ಲಿ.

ಆ ದಿನಗಳಲ್ಲಿ ಜರ್ಮನ್ ಎಂಬ ಪದವೇ ವಿಷವಾಗಿತ್ತು. ಇಂಗ್ಲೆಂಡಿನ ರಾಜಮನೆತನ 1917ರಲ್ಲಿ ತನ್ನ ಜರ್ಮನ್ ಮನೆಹೆಸರು ಬಿಟ್ಟು ವಿಂಡ್ಸರ್ ಎಂದಾಯಿತು. ಜರ್ಮನ್ ಶೆಫರ್ಡ್ ನಾಯಿಗೆ ‘ಆಲ್ಸೇಷನ್’ ಎಂದು ಹೆಸರಿಟ್ಟರು. ನಮ್ಮ ಊರುಗಳಲ್ಲಿ ಆ ನಾಯಿಗೆ ಆಲ್ಸೇಷನ್ ಎನ್ನುವುದು ಆ ದ್ವೇಷದ ಉಳಿಕೆ. ಅಮೆರಿಕದ ಇಲಿನಾಯ್ ರಾಜ್ಯದ ಕಾಲಿನ್ಸ್‌ವಿಲ್‌ನಲ್ಲಿ ರಾಬರ್ಟ್ ಪ್ರೇಗರ್ ಎಂಬ ಜರ್ಮನ್ ಮೂಲದ ಗಣಿ ಕಾರ್ಮಿಕನನ್ನು 1918ರ ಏಪ್ರಿಲಿನಲ್ಲಿ ಗುಂಪೊಂದು ಮರಕ್ಕೆ ನೇತುಹಾಕಿ ಕೊಂದಿತು. ಆತ ಅಮೆರಿಕದ ನೌಕಾಪಡೆ ಸೇರಲು ಪ್ರಯತ್ನಿಸಿದ್ದವನು. ವಿಚಾರಣೆ ನಡೆದು ಆರೋಪಿಗಳೆಲ್ಲ ಬಿಡುಗಡೆಯಾದರು.

ನಮ್ಮ ಕರಾವಳಿಯಲ್ಲೂ ಇದರ ಏಟು ಬಿತ್ತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಿತ್ತು. ಮಂಗಳೂರು ಹಂಚು ಎಂದು ನಾವು ಕರೆಯುವುದರ ಮೊದಲು ಅದು. ಯುದ್ಧ ಬಂದಾಗ ಮಿಷನ್ನಿನಲ್ಲಿದ್ದ ಜರ್ಮನರನ್ನು ಬ್ರಿಟಿಷ್ ಸರ್ಕಾರ ಬಂಧನ ಶಿಬಿರಕ್ಕೆ ಹಾಕಿತು, ಆಮೇಲೆ ದೇಶ ಬಿಡಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈ ಸೇರಿದವು. ವರ್ಷಗಟ್ಟಲೆ ಪಕ್ಕದ ಮನೆಯವರಂತೆ ಇದ್ದವರು ಒಂದು ಆದೇಶಕ್ಕೆ ಶತ್ರುಗಳಾದರು.

ಎಲ್ಲಕ್ಕಿಂತ ದೊಡ್ಡ ನಷ್ಟ ಆಮೇಲೆ ಬಂತು. 1942ರಲ್ಲಿ ನಾಜಿಗಳು ಯಹೂದಿಗಳನ್ನು ಸಾಮೂಹಿಕವಾಗಿ ಕೊಲ್ಲುತ್ತಿದ್ದಾರೆ ಎಂಬ ಸುದ್ದಿ ಹೊರಬಂದಾಗ ಬಹಳ ಮಂದಿ ನಂಬಲಿಲ್ಲ. ‘ಹೋದ ಯುದ್ಧದಲ್ಲೂ ಹೆಣದ ಕಾರ್ಖಾನೆ ಎಂದಿದ್ದರಲ್ಲ, ಇದೂ ಹಾಗೇ’ ಎಂಬ ಅನುಮಾನ. ಈ ಸಲ ಸುದ್ದಿ ನಿಜವಾಗಿತ್ತು. ಸುದ್ದಿ ಬರೆಯುವ ನಮ್ಮಂಥವರು ಗೋಡೆಗೆ ಅಂಟಿಸಿಕೊಳ್ಳಬೇಕಾದ ಪಾಠ ಇದು. ಒಂದು ಜನರ ಮೇಲೆ ಸುಳ್ಳು ಬರೆದರೆ ಅದು ಅವರಿಗಷ್ಟೇ ಕೆಡುಕಲ್ಲ. ನಾಳೆ ನಿಜ ಬರೆದಾಗ ಕೇಳುವವರು ಇರುವುದಿಲ್ಲ.

ಹಿಟ್ಲರನ ಬಗ್ಗೆ ನಮ್ಮ ಊರಿನ ಮಾತು

ಎಲ್ಲ ಜರ್ಮನರೂ ನಾಜಿಗಳು ಎಂಬುದು ಒಂದು ತಪ್ಪು. ಹಿಟ್ಲರ್ ಶಿಸ್ತಿನ ಮನುಷ್ಯ, ದೇಶ ಕಟ್ಟಿದ ಎಂಬುದು ಇನ್ನೊಂದು. ಎರಡನೆಯದು ನಮ್ಮ ಚಹಾದಂಗಡಿಗಳಲ್ಲಿ ಹೆಚ್ಚು ಕೇಳುತ್ತದೆ.

ಮುಕ್ತ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಎಂದೂ ಅರ್ಧದಷ್ಟು ಮತ ಬೀಳಲಿಲ್ಲ. 1932ರ ಜುಲೈನಲ್ಲಿ ಶೇ. 37.3, ನವೆಂಬರಿನಲ್ಲಿ ಶೇ. 33.1. ಆದರೂ 1933ರ ಜನವರಿ 30ರಂದು ಅಧ್ಯಕ್ಷ ಹಿಂಡೆನ್‌ಬರ್ಗ್ ಹಿಟ್ಲರನನ್ನು ಚಾನ್ಸಲರ್ ಮಾಡಿದರು. ಅದೇ ಮಾರ್ಚಿನಲ್ಲಿ ತೆರೆದ ಡಾಖಾವ್ ಶಿಬಿರಕ್ಕೆ ಮೊದಲು ಹಾಕಿದ್ದು ಜರ್ಮನರನ್ನೇ, ವಿರೋಧ ಪಕ್ಷದವರನ್ನು. 1939ರ ನವೆಂಬರ್ 8ರಂದು ಗೇಯಾರ್ಗ್ ಎಲ್ಸರ್ ಎಂಬ ಬಡಗಿ ಹಿಟ್ಲರನ ಸಭೆಯಲ್ಲಿ ಬಾಂಬ್ ಇಟ್ಟ. ಹಿಟ್ಲರ್ ಬೇಗ ಹೊರಟುಹೋಗಿದ್ದರಿಂದ ಬದುಕಿದ. ಮ್ಯೂನಿಕ್‌ನ ವಿದ್ಯಾರ್ಥಿನಿ ಸೋಫಿ ಶೋಲ್ ಕರಪತ್ರ ಹಂಚಿದ್ದಕ್ಕೆ 1943ರ ಫೆಬ್ರುವರಿ 22ರಂದು ತಲೆ ಕೊಟ್ಟಳು. ಅವಳಿಗೆ 21 ವರ್ಷ.

ಹಾಗೆಂದು ಉಳಿದವರೆಲ್ಲ ನಿರಪರಾಧಿಗಳು ಎನ್ನುವಂತಿಲ್ಲ. ಲಕ್ಷಾಂತರ ಜನ ಕೈಜೋಡಿಸಿದರು, ಇನ್ನೂ ಹೆಚ್ಚು ಜನ ಕಂಡೂ ಕಾಣದಂತಿದ್ದರು. 60 ಲಕ್ಷ ಯಹೂದಿಗಳ ಕೊಲೆ ಒಬ್ಬನಿಂದ ಆಗುವ ಕೆಲಸವಲ್ಲ.

ಹಿಟ್ಲರ್ ಹೆದ್ದಾರಿ ಕಟ್ಟಿದ ಎನ್ನುತ್ತಾರೆ. ಕಲೋನ್-ಬಾನ್ ನಡುವಿನ ಹೆದ್ದಾರಿಯನ್ನು ಕಲೋನ್ ಮೇಯರ್ ಕೊನ್ರಾಡ್ ಆಡೆನವರ್ ಉದ್ಘಾಟಿಸಿದ್ದು 1932ರ ಆಗಸ್ಟಿನಲ್ಲಿ, ಹಿಟ್ಲರ್ ಬರುವ ಮೊದಲೇ. ಹಿಟ್ಲರ್ ಭಾರತಕ್ಕೆ ಹಿತವ ಎನ್ನುವವರೂ ಇದ್ದಾರೆ. ಭಾರತ ಬೇರೆಯವರ ಕೈಗೆ ಹೋಗುವುದಕ್ಕಿಂತ ಇಂಗ್ಲಿಷರ ಕೈಯಲ್ಲೇ ಇರಲಿ ಎಂದು ತನ್ನ ‘ಮೈನ್ ಕಾಂಫ್’ ಪುಸ್ತಕದಲ್ಲಿ ಬರೆದವನು ಆತ. ಇಂಥವನ ಹೆಸರನ್ನು ಅಂಗಡಿ ಬೋರ್ಡಿಗೆ, ಬೈಕಿನ ಸ್ಟಿಕ್ಕರಿಗೆ ಹಾಕುವುದು ಯಾವ ಅಭಿಮಾನವೋ ತಿಳಿಯದು.

ಇಂದಿನ ಜರ್ಮನಿ ಈ ಚರಿತ್ರೆಯನ್ನು ಬಚ್ಚಿಡುವುದಿಲ್ಲ. 1970ರ ಡಿಸೆಂಬರ್ 7ರಂದು ಚಾನ್ಸಲರ್ ವಿಲ್ಲಿ ಬ್ರಾಂಟ್ ಪೋಲೆಂಡಿನ ವಾರ್ಸಾದಲ್ಲಿ ಯಹೂದಿಗಳ ಸ್ಮಾರಕದ ಮುಂದೆ ಮಂಡಿಯೂರಿದರು. ಶಾಲೆಗಳಲ್ಲಿ ಇದು ಪಾಠ. ಕೊಲೆಯಾದವರ ಮನೆಗಳ ಮುಂದೆ ಅವರ ಹೆಸರು ಕೆತ್ತಿದ ಹಿತ್ತಾಳೆಯ ಬಿಲ್ಲೆಗಳನ್ನು ಹಾಸುಗಲ್ಲಿನ ನಡುವೆ ಹುದುಗಿಸಿದ್ದಾರೆ. ಅಲ್ಲಿಗೆ ಹೋಗುವ ತಮ್ಮಂದಿರು, ತಂಗಿಯರು ಗಮನಿಸಿ: ತಮಾಷೆಗೆಂದು ಹಿಟ್ಲರ್ ಸೆಲ್ಯೂಟ್ ಹೊಡೆದರೂ ಅಲ್ಲಿ ಅದು ಅಪರಾಧ.

ವೇದ ಕದ್ದರೇ?

ಜರ್ಮನರು ನಮ್ಮ ವೇದ ಒಯ್ದು ರಾಕೆಟ್ ಮಾಡಿದರು ಎಂಬ ಸಂದೇಶ ಬಹಳ ಹಳೆಯ ಗಿರಾಕಿ. ಅಲ್ಲಿ ಸಂಸ್ಕೃತದ ಅಧ್ಯಯನ ಜೋರಾಗಿ ನಡೆದದ್ದು ನಿಜ. ಬಾನ್ ವಿಶ್ವವಿದ್ಯಾಲಯದಲ್ಲಿ 1818ರಲ್ಲೇ ಸಂಸ್ಕೃತಕ್ಕೆ ಪ್ರಾಧ್ಯಾಪಕರಿದ್ದರು. ಮ್ಯಾಕ್ಸ್ ಮುಲ್ಲರ್ ಋಗ್ವೇದವನ್ನು ಸಾಯಣ ಭಾಷ್ಯದ ಸಮೇತ 1849ರಿಂದ 1874ರವರೆಗೆ ಅಚ್ಚು ಮಾಡಿಸಿದರು. ಆದರೆ ಆ ಕೆಲಸ ನಡೆದದ್ದು ಇಂಗ್ಲೆಂಡಿನಲ್ಲಿ. ಅವರು ಭಾರತಕ್ಕೆ ಒಮ್ಮೆಯೂ ಬಂದವರಲ್ಲ. ಅವರು ಕದಿಯಲಿಲ್ಲ, ಅಚ್ಚು ಹಾಕಿಸಿ ಎಲ್ಲರ ಕೈಗೆ ಸಿಗುವಂತೆ ಮಾಡಿದರು. ಅವರಿಗೆ ಬೇಕಿದ್ದುದು ಭಾಷೆ, ಧರ್ಮಗಳ ಚರಿತ್ರೆ, ಯಂತ್ರವಲ್ಲ.

ರಾಕೆಟ್ಟಿಗೂ ನಮಗೂ ನಂಟು ಇದೆ, ಅದು ಬೇರೆ ದಾರಿಯದು. ಹೈದರ್, ಟಿಪ್ಪು ಕಾಲದ ಮೈಸೂರು ರಾಕೆಟ್‌ಗಳನ್ನು ಕಂಡ ಇಂಗ್ಲಿಷರು ಅವನ್ನು ಒಯ್ದರು, ವಿಲಿಯಂ ಕಾಂಗ್ರೀವ್ ಅವುಗಳನ್ನು ಮುಂದುವರಿಸಿದ. ನಿಜವಾದ ಹೆಮ್ಮೆಯ ಕಥೆ ಮನೆಯಲ್ಲೇ ಇರುವಾಗ ಸುಳ್ಳು ಏಕೆ ಬೇಕು?

ಇವತ್ತಿನ ಜರ್ಮನಿ

ಗಡಿಯಾರದ ಮಾತಿಗೆ ಬರೋಣ. 2024ರಲ್ಲಿ ಜರ್ಮನ್ ರೈಲ್ವೆಯ ದೂರದ ಗಾಡಿಗಳಲ್ಲಿ ಹೊತ್ತಿಗೆ ಸರಿಯಾಗಿ ತಲುಪಿದ್ದು ಶೇ. 62.5 ಮಾತ್ರ. 6 ನಿಮಿಷದೊಳಗಿನ ತಡ ಅಲ್ಲಿ ತಡವೇ ಅಲ್ಲ, ಆ ರಿಯಾಯಿತಿ ಸೇರಿಸಿಯೂ ಇಷ್ಟು. ಬರ್ಲಿನ್ನಿನ ಹೊಸ ವಿಮಾನ ನಿಲ್ದಾಣದ ಕೆಲಸ 2006ರಲ್ಲಿ ಶುರುವಾಗಿ, 2012ರ ಉದ್ಘಾಟನೆ ಕೊನೇ ಗಳಿಗೆಯಲ್ಲಿ ನಿಂತು, ಬಾಗಿಲು ತೆರೆದದ್ದು 2020ರ ಅಕ್ಟೋಬರ್ 31ರಂದು. ದುಡಿದು ಸಾಯುತ್ತಾರೆ ಎಂಬುದೂ ಹಾಗೆಯೇ. ಅಲ್ಲಿ ಒಬ್ಬರು ವರ್ಷಕ್ಕೆ ದುಡಿಯುವುದು ಸರಾಸರಿ ಸುಮಾರು 1,340 ಗಂಟೆ, ಶ್ರೀಮಂತ ದೇಶಗಳಲ್ಲೇ ತೀರ ಕಡಿಮೆ. ಅರೆಕಾಲಿಕ ಕೆಲಸದವರು ಹೆಚ್ಚಿರುವುದೂ ಅದಕ್ಕೆ ಒಂದು ಕಾರಣ. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ.

ನಮ್ಮ ಕಸುಬಿಗೂ ಜರ್ಮನರಿಗೂ ಒಂದು ನಂಟಿದೆ. ಜುಲೈ 1ರಂದು ನಾವು ಪತ್ರಿಕಾ ದಿನ ಆಚರಿಸುವುದು 1843ರ ಆ ದಿನ ಹರ್ಮನ್ ಮೊಗ್ಲಿಂಗ್ ‘ಮಂಗಳೂರು ಸಮಾಚಾರ’ ಹೊರತಂದದ್ದಕ್ಕೆ. ಫರ್ಡಿನಂಡ್ ಕಿಟೆಲ್ 1853ರಲ್ಲಿ ಇಲ್ಲಿಗೆ ಬಂದು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚು ಮಾಡಿಸಿದರು. ಇಬ್ಬರೂ ಬಂದದ್ದು ಧರ್ಮಪ್ರಚಾರಕ್ಕೆ. ಇಲ್ಲಿನ ಜನ ಕತ್ತಲಲ್ಲಿದ್ದಾರೆ ಎಂಬ ಸಿದ್ಧ ನಂಬಿಕೆ ಹೊತ್ತೇ ಮಿಷನರಿಗಳು ಹಡಗು ಹತ್ತುತ್ತಿದ್ದರು. ಆದರೆ ಊರೂರು ತಿರುಗಿ, ಕೂತು ಕೇಳಿ, ಒಂದೊಂದೇ ಮಾತು ಬರೆದುಕೊಂಡಾಗ ಕಿಟೆಲ್ಲರ ಕೈಗೆ ಸಿಕ್ಕಿದ್ದು ಸುಮಾರು 70,000 ಪದಗಳ ಸಿರಿ.

ಈಗ ನಮ್ಮ ಮಕ್ಕಳು ಎದುರು ದಿಕ್ಕಿನಲ್ಲಿ ಹೊರಟಿದ್ದಾರೆ. ವೀಸಾಕ್ಕೆ ಜರ್ಮನ್ ಭಾಷೆಯ ಪರೀಕ್ಷೆ ಬರೆಯುತ್ತಿದ್ದಾರೆ. ಪರೀಕ್ಷೆ ಮುಗಿದ ಮೇಲೂ ಕಲಿಕೆ ನಿಲ್ಲದಿರಲಿ. ಪಕ್ಕದ ಮನೆಯವರ ಜೊತೆ ಕೂತು ಅವರ ಊರು ಯಾವುದು, ಅವರ ಅಜ್ಜ ಯುದ್ಧದಲ್ಲಿ ಎಲ್ಲಿದ್ದರು, ಅವರು ಯಾವುದಕ್ಕೆ ನಗುತ್ತಾರೆ ಎಂದು ಕೇಳಲಿ. ಆಮೇಲೆ ಊರಿಗೆ ಫೋನ್ ಮಾಡಿ ನಮಗೂ ಹೇಳಲಿ.